ಮೊದಲು ನೀರು, ಆಮೇಲೆ ಜಿಡ್ಡು



ದೆಹಲಿಗೆ ಚಳಿ ಬಂತೆಂದು ನಮಗೆ ಮೊದಲು ತಿಳಿಸುವುದು ಹವಾಮಾನ ಇಲಾಖೆಯಲ್ಲ, ಬಚ್ಚಲುಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಬಾಟಲಿ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಅದು ಬೆಳ್ಳಗೆ ಹೆಪ್ಪುಗಟ್ಟಿ ಕುಳಿತುಬಿಡುತ್ತದೆ. ಅದನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿ ಕರಗಿಸುವ ಕೆಲಸ ಶುರುವಾಯಿತೆಂದರೆ ಮೊಣಕೈ ಬೂದಿ ಬಳಿದಂತಾಗುವುದು, ತುಟಿ ಸಿಪ್ಪೆ ಏಳುವುದು, ಹಿಮ್ಮಡಿ ಸೀರೆಯ ಅಂಚಿಗೆ ಸಿಕ್ಕಿಕೊಳ್ಳುವುದು, ಎಲ್ಲವೂ ಸರದಿಯಂತೆ ಬರುತ್ತವೆ.

ಸಂಘದ ರಾಜ್ಯೋತ್ಸವದ ಊಟದಲ್ಲಿ ಈ ಸಲ ನನ್ನ ಪಕ್ಕದ ಎಲೆಗೆ ಕುಳಿತಿದ್ದ ಸೋದರಿಯೊಬ್ಬರು ಕೋಸಂಬರಿ ಬಡಿಸುವ ಮೊದಲೇ ಪ್ರಶ್ನೆ ಹಾಕಿದರು. "ಸೊಸೆ ಎಂಟು ಬಾಟಲಿ ತಂದಿಟ್ಟಿದ್ದಾಳೆ. ಒಂದರ ಮೇಲೊಂದು ಹಚ್ಚಬೇಕಂತೆ. ಯಾವುದು ಮೊದಲು, ಯಾವುದು ಆಮೇಲೆ, ನೀವಾದರೂ ಬರೆಯಬಾರದೇ?" ಎದುರು ಸಾಲಿನಲ್ಲಿದ್ದ ಇನ್ನಿಬ್ಬರು ತಲೆಯೆತ್ತಿ ನೋಡಿದರು. ಅಂದರೆ ಎಂಟು ಬಾಟಲಿಗಳು ಬಹಳ ಮನೆಗಳನ್ನು ಹೊಕ್ಕಿವೆ ಎಂದಾಯಿತು. ಕೊರಿಯಾದಿಂದ ಬಂದ ಪದ್ಧತಿ ಇದು; ಹತ್ತು ಹಂತದ ಶುಶ್ರೂಷೆ ಎಂದು ನಮ್ಮ ಹುಡುಗಿಯರ ಬಾಯಲ್ಲಿ ಪ್ರಸಿದ್ಧ. ನಮ್ಮ ಕಾಲದಲ್ಲಿ ಒಂದು ಸ್ನೋ, ಒಂದು ಪೌಡರ್, ಚಳಿಗೊಂದು ಕೋಲ್ಡ್ ಕ್ರೀಮ್, ಅಲ್ಲಿಗೆ ಮುಗಿಯುತ್ತಿತ್ತು.

ಬರೆಯುತ್ತೇನೆ. ಆದರೆ ಈ ವಿದ್ಯೆಯನ್ನು ನಾನು ಕಲಿತದ್ದು ತಪ್ಪು ಮಾಡಿ. ಅದನ್ನು ಮೊದಲು ಹೇಳಿಬಿಡಬೇಕು.

2019ರ ಡಿಸೆಂಬರ್ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ತಿಂಗಳ 30ರಂದು ಸಫ್ದರ್‌ಜಂಗ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ. ಅದೇ ವರ್ಷ ನಮ್ಮ ಅತ್ತೆಯವರು ತೀರ್ಥಹಳ್ಳಿಯಿಂದ ಮೊದಲ ಬಾರಿಗೆ ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದಿದ್ದರು. ಆಗ ಅವರಿಗೆ 78 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ಮಲೆನಾಡಿನವರು, ಮಳೆ, ಮಂಜು, ತೇವ ಇವುಗಳಲ್ಲೇ ಬಾಳಿದವರು. ಅವರ ಚರ್ಮಕ್ಕೆ ಒಣಗುವುದೆಂದರೇನೆಂದು ಗೊತ್ತಿರಲಿಲ್ಲ.

ಮೂರು ವಾರದಲ್ಲಿ ಅವರ ಮೊಣಕಾಲಿನ ಕೆಳಗೆ ಚರ್ಮ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿರುಕಾಯಿತು. ರಾತ್ರಿಯೆಲ್ಲ ಕೆರೆದುಕೊಳ್ಳುವ ಸದ್ದು. ನಾನು ಕೇಳಿದರೆ, "ಹೋಗ್ಲಿ ಬಿಡೇ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ" ಎನ್ನುವರು. ಮಗಳ ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಬಾಟಲಿಗಳು ನನ್ನ ಕಣ್ಣಿಗೆ ಬಿದ್ದವು. ಅಷ್ಟು ದುಡ್ಡು ಕೊಟ್ಟು ತಂದದ್ದು, ಮುಖಕ್ಕೆ ಒಳ್ಳೆಯದಾದರೆ ಕಾಲಿಗೂ ಒಳ್ಳೆಯದೇ ಅಲ್ಲವೇ? ಒಂದು ಸಂಜೆ ಅತ್ತೆಯವರ ಕಾಲನ್ನು ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಒರೆಸಿ ಒಣಗಿಸಿ, ಟೋನರ್, ಸೀರಮ್, ಇನ್ನೊಂದು ಸೀರಮ್, ಎಲ್ಲವನ್ನೂ ಕೈಗೆ ಸಿಕ್ಕ ಕ್ರಮದಲ್ಲಿ ಹಚ್ಚಿದೆ. ಆ ಟೋನರಿನಲ್ಲಿದ್ದದ್ದು ಗ್ಲೈಕೋಲಿಕ್ ಆಮ್ಲ. ಸತ್ತ ಚರ್ಮವನ್ನು ಸಡಿಲಿಸಿ ತೆಗೆಯುವ ಆಮ್ಲ ಅದು. ಬಿರುಕುಬಿಟ್ಟ ಕಾಲಿಗೆ ಅದನ್ನು ಹತ್ತಿಯಲ್ಲಿ ಅದ್ದಿ ಒರೆಸಿದ್ದೆ!

ಅತ್ತೆಯವರು ತುಟಿಪಿಟಿಕ್ಕೆನ್ನಲಿಲ್ಲ. ಮರುದಿನ ಹಾಸಿಗೆಯ ಮೇಲುಹೊದಿಕೆ ಬದಲಾಯಿಸುವಾಗ ಅಲ್ಲಲ್ಲಿ ರಕ್ತದ ಚುಕ್ಕೆ ಕಂಡಿತು. ಬಲವಂತ ಮಾಡಿ ಕೇಳಿದ ಮೇಲೆ ಹೇಳಿದರು: "ಉರಿ ಅಂದ್ರೆ ಉರಿ ಮಾರಾಯ್ತಿ. ಪ್ರೀತಿಯಿಂದ ಹಚ್ತಿದ್ದೆ, ಬೇಡ ಅನ್ನೋದು ಹ್ಯಾಗೆ?"

ಇಷ್ಟಕ್ಕೇ ಬುದ್ಧಿ ಬರಲಿಲ್ಲ ನನಗೆ. ಹತ್ತಿರದ ಔಷಧಿ ಅಂಗಡಿಯಲ್ಲಿ ಕೇಳಿದೆ. ಒಂದು ಟ್ಯೂಬು ಕೊಟ್ಟರು. ಮೂರು ದಿನದಲ್ಲಿ ತುರಿಕೆ ಮಾಯ! ವಾರ ಬಿಟ್ಟು ನಿಲ್ಲಿಸಿದೆವು. ಮತ್ತೆ ನಾಲ್ಕು ದಿನದಲ್ಲಿ ಮೊದಲಿಗಿಂತ ಹೆಚ್ಚು ಕೆಂಪು, ಹೆಚ್ಚು ತುರಿಕೆ. ಆಗ ಹೋದೆವು ಚರ್ಮದ ವೈದ್ಯರಲ್ಲಿಗೆ. "ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ" ಎಂದು ಫೋನಿನಲ್ಲೇ ಹೇಳಿದ್ದರು. ಒಂದೊಂದನ್ನೇ ತೆಗೆದು ಹಿಂದಿನ ಸಣ್ಣ ಅಕ್ಷರ ಓದಿ ಮೇಜಿನ ಎಡಕ್ಕೆ ಇಡುತ್ತಾ ಹೋದರು. ಕೊನೆಗೆ ಬಲಕ್ಕೆ ಉಳಿದದ್ದು ಎರಡೇ. ಒಂದು ಸಾದಾ ಕ್ರೀಮು, ಇನ್ನೊಂದು ಪೆಟ್ರೋಲಿಯಂ ಜೆಲ್ಲಿ. ಅಂಗಡಿಯವರು ಕೊಟ್ಟ ಟ್ಯೂಬಿನಲ್ಲಿದ್ದದ್ದು ಕ್ಲೋಬೆಟಸಾಲ್, ಬಹಳ ತೀಕ್ಷ್ಣವಾದ ಸ್ಟೀರಾಯ್ಡ್.

ಆಮೇಲೆ ನಾವು ಹೇಳದಿದ್ದರೂ ಅವರು ಅತ್ತೆಯವರ ಕಾಲ್ಚೀಲ ತೆಗೆಸಿ ಹಿಮ್ಮಡಿಗೆ ಟಾರ್ಚ್ ಹಿಡಿದು ನೋಡಿದರು. ಒಂದು ಬಿರುಕು ಆಳಕ್ಕಿಳಿದು ಸುತ್ತ ಕೆಂಪಾಗಿ ಊದಿತ್ತು. ಅತ್ತೆಯವರಿಗೆ ಅಲ್ಲಿ ನೋವೇ ಇರಲಿಲ್ಲ. ಸಕ್ಕರೆಯಿಂದ ಪಾದದ ಸ್ಪರ್ಶ ಮಂಕಾಗಿದ್ದರಿಂದ ನೋಯಲಿಲ್ಲ, ನೋಯದ್ದರಿಂದ ನಮಗೆ ತಿಳಿಯಲಿಲ್ಲ. "ಇನ್ನು ಕೆಲವು ದಿನ ಬಿಟ್ಟಿದ್ದರೆ ಇದು ಚರ್ಮದ ಡಾಕ್ಟರ ಕೈಯಲ್ಲಿ ಉಳಿಯುತ್ತಿರಲಿಲ್ಲ" ಎಂದರು. ಮಾತ್ರೆ, ಡ್ರೆಸಿಂಗು, ನಡೆಯಬಾರದೆಂಬ ಕಟ್ಟಪ್ಪಣೆ. ಮುಖದ ಕಾಂತಿಯ ಪಟ್ಟಿ ಹಿಡಿದು ಹೊರಟ ನಾನು ಕಾಲನ್ನೇ ಕಳೆಯುವ ದಾರಿಯಲ್ಲಿದ್ದೆ.

ಇರಲಿ. ಈಗ ವಿಷಯಕ್ಕೆ ಬರೋಣ.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಇಟ್ಟಿಗೆಗಳು ಸತ್ತ ಜೀವಕೋಶಗಳು. ನಡುವಿನ ಗಾರೆ ಎಂದರೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಸೇರಿದ ಜಿಡ್ಡು. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ವಯಸ್ಸಾದಂತೆ ಈ ಗಾರೆ ತಾನಾಗಿಯೇ ತೆಳುವಾಗುತ್ತದೆ. ಬಿಸಿನೀರೂ ಸೋಪೂ ಅದನ್ನು ಇನ್ನಷ್ಟು ತೊಳೆದು ಹಾಕುತ್ತವೆ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಪಿ.ಎಚ್. ಐದರ ಆಸುಪಾಸು. ಸಾಮಾನ್ಯ ಸೋಪು ಕ್ಷಾರ, ಒಂಬತ್ತು ಹತ್ತರ ಹತ್ತಿರ. ಗಂಧದ ಸೋಪಿನ ಮೇಲೆ ನಮಗೆಲ್ಲ ತವರಿನ ಮಮತೆ; ಅದರ ಕಾಗದವನ್ನು ಸೀರೆಗಳ ಮಧ್ಯೆ ಇಡುವವಳು ನಾನು. ಆದರೂ ಚಳಿಗಾಲದಲ್ಲಿ ಕೈಕಾಲಿಗೆಲ್ಲ ಸೋಪು ಬೇಡ. ಕಂಕುಳು, ತೊಡೆಸಂದು, ಪಾದ, ಇಷ್ಟಕ್ಕೆ ಸಾಕು.

ಹೊರಗೆ ಇಷ್ಟೊಂದು ಮಂಜು ಸುರಿಯುವಾಗ ಹವೆ ಒಣಗಿರುವುದು ಹೇಗೆ ಎಂದು ನೀವು ಕೇಳಬಹುದು. ನನಗೂ ಈ ಒಗಟು ಬಹಳ ವರ್ಷ ಬಿಡಿಸಿರಲಿಲ್ಲ. ತಣ್ಣನೆಯ ಗಾಳಿ ಹೆಚ್ಚು ನೀರನ್ನು ಹೊರಲಾರದು. 7 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೊರಬಲ್ಲದ್ದು ಎಂಟು ಗ್ರಾಂ ನೀರನ್ನೂ ಅಲ್ಲ. 22 ಡಿಗ್ರಿಯಲ್ಲಿ ಸುಮಾರು 19 ಗ್ರಾಂ. ಮಂಜು ತುಂಬಿದ ಗಾಳಿಯೇ ಮನೆಯೊಳಗೆ ಬಂದು ಹೀಟರಿನಿಂದ ಬೆಚ್ಚಗಾದಾಗ ಅದರ ತೇವಾಂಶ ಶೇ. 40ಕ್ಕೆ ಇಳಿಯುತ್ತದೆ. ಹಸಿದ ಗಾಳಿ ಅದು. ಬಟ್ಟೆ, ಮರ, ಚರ್ಮ, ಎಲ್ಲಿ ನೀರು ಸಿಕ್ಕರೂ ಎಳೆದುಕೊಳ್ಳುತ್ತದೆ. ಹೀಟರಿನ ಮುಂದೆ ಒಂದು ಪಾತ್ರೆ ನೀರಿಡುವುದು ನಮ್ಮ ಮನಸ್ಸಮಾಧಾನಕ್ಕೆ ಒಳ್ಳೆಯದು, ಅಷ್ಟೇ. ಹೀಟರಿನ ಎದುರಿಗೇ ಕುಳಿತುಕೊಳ್ಳದಿರುವುದು ಅದಕ್ಕಿಂತ ಉಪಯುಕ್ತ.

ಹೀಗಾಗಿ ಒಣಚರ್ಮದವರಿಗೆ ಬೇಕಾದದ್ದು ಮೂರು ಕೆಲಸ. ನೀರನ್ನು ಹಿಡಿದಿಡುವುದು, ಬಿರುಕಿನ ಗಾರೆ ತುಂಬುವುದು, ಮೇಲೆ ಮುಚ್ಚಳ ಹಾಕುವುದು. ಬಾಟಲಿಗಳು ಎಂಟಿರಲಿ ಹದಿನೆಂಟಿರಲಿ, ಈ ಮೂರರಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಕೇಳಿ. ಗ್ಲಿಸರಿನ್, ಹಯಲುರಾನಿಕ್ ಆಮ್ಲ ಮೊದಲನೆಯ ಕೆಲಸದವು. ಆಮ್ಲವೆಂಬ ಹೆಸರಿದ್ದರೂ ಹಯಲುರಾನಿಕ್ ಚರ್ಮವನ್ನು ಸುಲಿಯುವ ಜಾತಿಯದಲ್ಲ. ಹೆಸರು ನೋಡಿ ಹೆದರಬೇಡಿ, ಹಾಗೆಯೇ ನನ್ನಂತೆ ಹೆಸರು ನೋಡದೆ ಹಚ್ಚಲೂ ಬೇಡಿ. ಸೆರಮೈಡ್ ಇರುವ ಕ್ರೀಮು ಎರಡನೆಯದು. ಪೆಟ್ರೋಲಿಯಂ ಜೆಲ್ಲಿ ಮೂರನೆಯದು. 1872ರಲ್ಲಿ ಅಮೆರಿಕದ ಚೀಸ್‌ಬರೋ ಪೇಟೆಂಟ್ ಪಡೆದ ಆ ವ್ಯಾಸಲೀನ್ ಇಂದಿಗೂ ಮುಚ್ಚಳದ ಕೆಲಸದಲ್ಲಿ ಎಷ್ಟೋ ದುಬಾರಿ ಡಬ್ಬಿಗಳನ್ನು ಹಿಂದೆ ಹಾಕುತ್ತದೆ.

ಕ್ರಮದ ಸೂತ್ರ ಬಹಳ ಸರಳ. ನೀರಿನಂತಿರುವುದು ಮೊದಲು, ಜಿಡ್ಡಾಗಿರುವುದು ಕೊನೆಗೆ. ಜಿಡ್ಡನ್ನು ಮೊದಲು ಬಳಿದರೆ ಅದರ ಮೇಲೆ ಸುರಿದ ಸೀರಮ್ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ, ಒಳಗೆ ಸೇರುವುದಿಲ್ಲ. ಆದ್ದರಿಂದ ಮುಖವನ್ನು ನೊರೆ ಕಡಿಮೆಯಿರುವ ಸೌಮ್ಯ ಕ್ಲೆನ್ಸರಿನಿಂದ ರಾತ್ರಿ ಒಂದೇ ಸಲ ತೊಳೆಯಿರಿ. ಬೆಳಿಗ್ಗೆ ಬರೀ ನೀರು ಸಾಕು. ಟವಲಿನಿಂದ ಉಜ್ಜದೆ ಒತ್ತಿ, ಚರ್ಮ ಇನ್ನೂ ತೇವವಿರುವಾಗಲೇ ಸೀರಮ್. ಒಣಗಿದ ಮುಖಕ್ಕೆ, ಒಣಹವೆಯಲ್ಲಿ, ಮೇಲೆ ಮುಚ್ಚಳವಿಲ್ಲದೆ ಹಯಲುರಾನಿಕ್ ಹಚ್ಚಿದವರು ಬಿಗಿತ ಹೆಚ್ಚಾಯಿತೆಂದು ದೂರುವುದುಂಟು. ಅದರ ಮೇಲೆ ಒಂದೆರಡು ನಿಮಿಷ ಬಿಟ್ಟು ಕ್ರೀಮು. ರಾತ್ರಿಯಾದರೆ ತುಟಿ, ಮೂಗಿನ ಪಕ್ಕ, ತೀರಾ ಒಣಗಿದ ಕಡೆ ಮಾತ್ರ ಜೆಲ್ಲಿಯ ತೆಳುಲೇಪ. ಹಗಲಾದರೆ ಜೆಲ್ಲಿಯ ಬದಲು ಸನ್‌ಸ್ಕ್ರೀನ್, ಕ್ರೀಮಿನ ಮೇಲೆ. ತೋರುಬೆರಳು ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿದರೆ ಮುಖ ಕುತ್ತಿಗೆಗೆ ಸರಿಹೋಗುವಷ್ಟು. ಜನವರಿಯ ಬಿಸಿಲಿಗೆ ಬಾಲ್ಕನಿಯಲ್ಲಿ ಕಿತ್ತಳೆ ಸುಲಿಯುತ್ತಾ ಮೂರು ತಾಸು ಕೂರುವವರು ನಾವು, ಚಳಿಗಾಲದಲ್ಲಿ ಬೇಡವೆನ್ನುವಂತಿಲ್ಲ.

ಹಚ್ಚಿದ್ದು ಬೆರಳಿಗೆ ಉಂಡೆಯುಂಡೆಯಾಗಿ ಕಿತ್ತು ಬರುತ್ತಿದ್ದರೆ ಒಂದೋ ಪದರಗಳು ಅತಿಯಾಗಿವೆ, ಇಲ್ಲವೇ ನಡುವೆ ಕಾಯಲಿಲ್ಲ. ಬಾಟಲಿಯ ದೋಷವೇ ಆಗಬೇಕೆಂದಿಲ್ಲ.

ರೆಟಿನಾಲ್, ವಿಟಮಿನ್ ಸಿ, ಗ್ಲೈಕೋಲಿಕ್, ಇವು ಈ ಮೂರು ಕೆಲಸಗಳ ಹೊರಗಿನವು. ಸುಕ್ಕು, ಕಲೆ, ಬಣ್ಣ ಇವುಗಳಿಗೆಂದು ಬಂದವು. ಕೆಲವರಿಗೆ ಗುಣ ಕೊಡುತ್ತವೆ, ಇಲ್ಲವೆನ್ನಲಾರೆ. ಆದರೆ ಚರ್ಮ ಒಡೆದಿರುವಾಗ, ಉರಿಯುತ್ತಿರುವಾಗ ಇವನ್ನು ಕಪಾಟಿನಲ್ಲಿ ಮಲಗಿಸಿ. ಸರಿಹೋದ ಮೇಲೆ ರೆಟಿನಾಲ್ ಬೇಕೇ ಬೇಕೆನ್ನುವವರು ವಾರಕ್ಕೆರಡು ರಾತ್ರಿ, ಬಟಾಣಿ ಕಾಳಿನಷ್ಟು, ಮೊದಲು ತೆಳುವಾಗಿ ಕ್ರೀಮು ಹಚ್ಚಿ ಅದರ ಮೇಲೆ ಹಚ್ಚಲಿ. ಇಲ್ಲಿ ಮಾತ್ರ ಮೇಲಿನ ಸೂತ್ರಕ್ಕೆ ವಿನಾಯಿತಿ. ಅದು ಪೂರ್ತಿ ಬಲದಲ್ಲಿ ಇಳಿಯದಿರುವುದೇ ಒಣಚರ್ಮದವರಿಗೆ ಬೇಕಾದದ್ದು. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಮುಲ್ತಾನಿ ಮಿಟ್ಟಿಯನ್ನೂ ಹೋಳಿಯವರೆಗೆ ಕಟ್ಟಿಡಿ. ಇರುವ ನಾಲ್ಕು ಹನಿ ಜಿಡ್ಡನ್ನೂ ಹೀರಿಬಿಡುತ್ತದೆ.

ದುಡ್ಡು ಸುರಿಯಲಾಗದವರು ಮರುಗಬೇಕಿಲ್ಲ. ಒಂದು ಪಾಲು ಗ್ಲಿಸರಿನ್ನಿಗೆ ಮೂರು ಪಾಲು ಪನ್ನೀರು. ನಮ್ಮ ತಾಯಂದಿರು ಅಡುಗೆಮನೆ ಕಿಟಕಿಯಲ್ಲಿಟ್ಟುಕೊಂಡಿದ್ದ ಆ ಸೀಸೆಯೇ ಇಂದಿನ ಸೀರಮಿನ ಅಜ್ಜಿ. ತೇವದ ಮುಖಕ್ಕೆ ಅದನ್ನು ಹಚ್ಚಿ, ಮೇಲೆ ಯಾವುದಾದರೂ ಸಾದಾ ಕೋಲ್ಡ್ ಕ್ರೀಮ್. ಕೋಲ್ಡ್ ಕ್ರೀಮೇನೂ ನಿನ್ನೆ ಮೊನ್ನೆಯದಲ್ಲ. ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿನೀರು ಕಲಸಿ ಹಚ್ಚುವ ಪಾಕವನ್ನು ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ನನ ಹೆಸರಿನಲ್ಲಿ ಹೇಳುತ್ತಾರೆ. ಅದರಲ್ಲಿನ ನೀರು ಆರುವಾಗ ಚರ್ಮ ತಂಪಾಗುವುದರಿಂದ ಆ ಹೆಸರು.

ಮೈಗೆ ಇಷ್ಟೆಲ್ಲ ಪದರ ಬೇಕಿಲ್ಲ. ಹತ್ತು ನಿಮಿಷ ಮೀರದ ಸ್ನಾನ, ಉಗುರುಬೆಚ್ಚನೆಯ ನೀರು, ಮೈ ಒರೆಸಿದ ಮೂರು ನಿಮಿಷದೊಳಗೆ ಬಚ್ಚಲಿನಲ್ಲೇ ಕ್ರೀಮು. ಲೋಷನ್ನಿಗಿಂತ ಗಟ್ಟಿ ಕ್ರೀಮು ಮೇಲು, ಲೋಷನ್ನಿನಲ್ಲಿ ನೀರೇ ಜಾಸ್ತಿ. ಹೇಳುವುದು ಸುಲಭ. ಅತ್ತೆಯವರನ್ನು ಈ ದಾರಿಗೆ ತರುವುದರಲ್ಲಿ ನನಗೆ ಸಾಕುಸಾಕಾಯಿತು. ಹಂಡೆಯ ಕುದಿನೀರಲ್ಲಿ ಮೈಕೆಂಪಾಗುವಂತೆ ಮೀಯದಿದ್ದರೆ ಅದು ಸ್ನಾನವೇ ಅಲ್ಲ ಎನ್ನುವವರು ಅವರು. ಜೊತೆಗೆ ಒಂದು ತಕರಾರು ಬೇರೆ: "ನಮ್ಮಲ್ಲಿ ಎಣ್ಣೆ ಹಚ್ಚಿ ನೀರು ಹೊಯ್ಕೊಳ್ಳೋದು. ನಿಮ್ಮದೆಲ್ಲ ಉಲ್ಟಾ!"

ಮಾತಿನಲ್ಲಿ ಸತ್ವವಿತ್ತು. ಅಭ್ಯಂಜನದಲ್ಲಿ ಎಣ್ಣೆಯೇ ಮೊದಲು. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯಲ್ಲೂ ಅಭ್ಯಂಗವಾದ ಮೇಲೆಯೇ ಸ್ನಾನ. ಎಣ್ಣೆ ಮೊದಲೇ ಮೈಮೇಲಿದ್ದರೆ ಬಿಸಿನೀರು, ಸೀಗೆ, ಕಡಲೆಹಿಟ್ಟು ಇವು ತೊಳೆಯುವುದು ಆ ಎಣ್ಣೆಯನ್ನು, ಚರ್ಮದ ಸ್ವಂತ ಗಾರೆಯನ್ನು ಅಷ್ಟಾಗಿ ಅಲ್ಲ. ಮಿಕ್ಕ ತೆಳು ಜಿಡ್ಡು ಮುಚ್ಚಳವೂ ಆಗುತ್ತಿತ್ತು. ನೀರು ಹಿಡಿದಿಡುವ ಕೆಲಸವನ್ನು ಮಲೆನಾಡಿನ, ಕರಾವಳಿಯ ಹವೆಯೇ ಮಾಡುತ್ತಿತ್ತು. ದೆಹಲಿಯ ಗಾಳಿ ಆ ಉಪಕಾರ ಮಾಡುವುದಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಶನಿವಾರ ಎಣ್ಣೆ ಮೊದಲು, ನೀರು ಆಮೇಲೆ, ಅದರ ಮೇಲೆ ಮತ್ತೆ ಕ್ರೀಮು. ಮಿಕ್ಕ ದಿನ ನಾನು ಹೇಳಿದಂತೆ. ಎಣ್ಣೆಸ್ನಾನದ ದಿನ ಬಚ್ಚಲಿನ ನೆಲವನ್ನು ನಾನೇ ಉಜ್ಜಿ ಬರುತ್ತೇನೆ. ಆ ವಯಸ್ಸಿನಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಒಣಚರ್ಮ ಯಾರಿಗೆ ನೆನಪಿರುತ್ತದೆ?

ಎಣ್ಣೆಯಲ್ಲೂ ಭೇದವಿದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಒಣಚರ್ಮಕ್ಕೆ ಒಗ್ಗುತ್ತವೆ. ಇಲ್ಲಿಯ ಕೆಲಸದವರು ಎಳೆಗೂಸಿನ ಮೈಗೆ ಹಚ್ಚಿ ತಿಕ್ಕುವ ಸಾಸಿವೆ ಎಣ್ಣೆ ಘಾಟು ಪದಾರ್ಥ, ಒಡೆದ ಚರ್ಮವನ್ನು ಕೆರಳಿಸುತ್ತದೆ. ಪದ್ಧತಿಯೆಂದು ಸುಮ್ಮನಿರಬೇಡಿ, ಬೇಡವೆನ್ನಿ.

ಇನ್ನು ಪಾದ. ಸಕ್ಕರೆ ಕಾಯಿಲೆಯವರು ಮನೆಯಲ್ಲಿದ್ದರೆ ದಿನಕ್ಕೊಮ್ಮೆ ಅಂಗಾಲು, ಹಿಮ್ಮಡಿ, ಬೆರಳ ಸಂದು ಇವನ್ನು ಬೆಳಕಿನಲ್ಲಿ ನೋಡಿ. ಅವರಿಗೆ ಬಗ್ಗಲಾಗದು, ಕಣ್ಣು ಮಂಜು, ನೋವೂ ತಿಳಿಯದು. ಹಿಮ್ಮಡಿಯ ದಪ್ಪ ಚರ್ಮಕ್ಕೆ ಶೇ. 10ರ ಯೂರಿಯಾ ಇರುವ ಕ್ರೀಮು ಚೆನ್ನ. ಬಾಯಿಬಿಟ್ಟ ಬಿರುಕಿಗೆ ಬೇಡ, ಉರಿಯುತ್ತದೆ. ಕಾಲ್ಬೆರಳುಗಳ ಸಂದಿಗೆ ಯಾವ ಕ್ರೀಮೂ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಬ್ಲೇಡಿನಿಂದ ಹೆರೆಯುವುದು, ಒರಟುಕಲ್ಲಿನಿಂದ ರಕ್ತ ಬರುವಂತೆ ತಿಕ್ಕುವುದು ಖಂಡಿತ ಕೂಡದು. ಕೆಂಪು, ಊತ, ಕೀವು, ಬಿಸಿ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರಲ್ಲಿಗೆ. ಇಷ್ಟೆಲ್ಲ ಮಾಡಿಯೂ ಮೈಪೂರ್ತಿ ತುರಿಕೆ ನಿಲ್ಲದಿದ್ದರೆ ಥೈರಾಯ್ಡ್, ಮೂತ್ರಪಿಂಡ ಇವುಗಳ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಟ್ಯೂಬಿನ ವಿಚಾರ ಬಿಟ್ಟರೆ ಈ ಬರಹ ಬರೆದೂ ವ್ಯರ್ಥ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್, ಈ ಮೂರು ಹೆಸರು ಬರೆದಿಟ್ಟುಕೊಳ್ಳಿ. ವೈದ್ಯರು ಇಷ್ಟು ದಿನ ಎಂದು ಲೆಕ್ಕ ಹಾಕಿ ಕೊಟ್ಟರೆ ಇವು ಒಳ್ಳೆಯ ಔಷಧಿಗಳೇ. ನಾವೇ ಕೊಂಡು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ನಿಲ್ಲಿಸಿದರೆ ಕೆರಳುತ್ತದೆ. ಬಿಳುಪಾಗಲೆಂದು ಮುಖಕ್ಕೆ ಹಚ್ಚುವ ಕೆಲವು ಟ್ಯೂಬುಗಳಲ್ಲೂ ಇವೇ ಇರುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನನಗೆ ಟ್ಯೂಬು ಸಿಕ್ಕಿದ್ದು ಅದರ ಮರುವರ್ಷ, ಚೀಟಿಯಿಲ್ಲದೆ.

ಮತ್ತೊಂದು ಎಚ್ಚರಿಕೆ. ಜೆಲ್ಲಿ, ಎಣ್ಣೆ ಹಚ್ಚಿಕೊಂಡ ಬಟ್ಟೆಗೆ, ಹೊದಿಕೆಗೆ ಅದು ಇಂಗಿರುತ್ತದೆ. ಕಿಡಿ ತಗುಲಿದರೆ ಬೇಗ ಹೊತ್ತಿಕೊಳ್ಳುತ್ತದೆ. ಸರಿಗೆ ಕೆಂಪಾಗುವ ಹೀಟರನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಲಗುವ ಅಭ್ಯಾಸವಿರುವ ಹಿರಿಯರಿಗೆ ಇದನ್ನು ಮರೆಯದೆ ತಿಳಿಸಿ.

ಅತ್ತೆಯವರು ಹಿಮ್ಮಡಿ ವಾಸಿಯಾದ ಮೇಲೆ 2020ರ ಮಾರ್ಚ್ ಮೊದಲ ವಾರ ಊರಿಗೆ ಹೋದರು. ಇನ್ನು ಈ ಕಡೆ ತಲೆ ಹಾಕುವುದಿಲ್ಲವೆಂದೇ ತಿಳಿದಿದ್ದೆ. ಕಳೆದ ಚಳಿಗಾಲಕ್ಕೆ ಮತ್ತೆ ಬಂದರು, ಜೊತೆಗೆ ಒಂದು ಡಬ್ಬಿ ಜೆಲ್ಲಿ, ಒಂದು ಟಾರ್ಚ್. ರಾತ್ರಿ ಊಟವಾದ ಮೇಲೆ ಮಂಚದ ಅಂಚಿನಲ್ಲಿ ಕುಳಿತು ತಾವೇ ಕಾಲು ಚಾಚುತ್ತಾರೆ. "ಮೊದ್ಲು ನೀರಿಂದು, ಆಮೇಲೆ ಜಿಡ್ಡಿಂದು. ಮರ್ತ್ಯಾ?" ಎಂದು ನನಗೇ ಪಾಠ ಹೇಳುತ್ತಾರೆ.

ಬೋರ್‌ವೆಲ್ಲಿನ ಗಡಸು ನೀರಿನಿಂದ ಕೂದಲು ಉದುರುತ್ತದೆಯೇ ಎಂದು ದ್ವಾರಕಾದಿಂದ ಪತ್ರ ಬಂದಿದೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.